ಖಾಲಿ ಬೌಲು ಹೇಗೆ ಕೊಡಲಿ?

ಹೋದ ವಾರ ನಾನು ಕಳ್ಳಿಯಾದೆ.

ಕದ್ದ ಮಾಲು, ಒಂದು ನೀಲಿ ಬೌಲು. ಅದು ಇದ್ದದ್ದು ನನ್ನದೇ ರೂಮಿನಲ್ಲಿ. ಮಣಿಪಾಲದಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು, ಕಾಪಿ ಹೊಡೆದ ಹುಡುಗರನ್ನು ಹಿಡಿದು ನೀತಿ ಹೇಳಿದವಳು, ಜರ್ಮನಿಗೆ ಹೋಗಿ ಬೌಲು ಕದಿಯುವುದೇ? ಅವಸರ ಮಾಡಬೇಡಿ, ಪೂರ್ತಿ ಓದಿ.

ಸಂಶೋಧನೆಗೆಂದು ಆರು ತಿಂಗಳ ಮಟ್ಟಿಗೆ ಬಂದ ನನಗೆ ಇಲ್ಲಿ ಸಿಕ್ಕಿರುವುದು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲೊಂದು ರೂಮು. (ನಲವತ್ತು ದಾಟಿದ ಮೇಲೆ ಹಾಸ್ಟೆಲ್! ಅದೂ ಮಂಡಿನೋವಿನ ಮುಲಾಮಿನ ಜೊತೆ.) ಉದ್ದದ ಕಾರಿಡಾರು, ಸಾಲಾಗಿ ಮುಚ್ಚಿದ ಬಾಗಿಲುಗಳು, ಕೊನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ. ಆದರೆ ಅದರೊಳಗಿನ ಯಾವುದೂ ಎಲ್ಲರದ್ದಲ್ಲ. ಫ್ರಿಜ್ಜಿನ ಒಂದೊಂದು ಶೆಲ್ಫಿಗೂ ಒಂದೊಂದು ಹೆಸರು. ಹಾಲಿನ ಪ್ಯಾಕೆಟ್ ಮೇಲೆ ಹೆಸರು, ಮೊಟ್ಟೆಯ ಮೇಲೂ ಹೆಸರು. ಅರ್ಧ ಹೆಚ್ಚಿದ ನೀರುಳ್ಳಿಗೆ ಚೀಟಿ ಅಂಟಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಏನಾದರೂ ಹೇಳಬೇಕಿದ್ದರೆ ಪಕ್ಕದ ಬಾಗಿಲು ತಟ್ಟುವ ಕ್ರಮ ಇಲ್ಲಿಲ್ಲ, ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಗೋಡೆಯಾಚೆ ಸೀನಿದ್ದು ಕೇಳುತ್ತದೆ, ಸೀನಿದವರ ಮುಖ ಕಾಣುವುದಿಲ್ಲ. ಒಂದು ಭಾನುವಾರವಿಡೀ ಯಾರೊಂದಿಗೂ ಮಾತಿಲ್ಲದೆ ಕಳೆದು, ಸಂಜೆಗೆ "ಎಂತ ಮಾರಾಯ್ತಿ, ಊಟ ಆಯ್ತಾ?" ಎಂದು ಕನ್ನಡಿಯಲ್ಲಿ ನನ್ನನ್ನೇ ಕೇಳಿಕೊಂಡದ್ದೂ ಉಂಟು. (ನಗಬೇಡಿ.)

ಇಂಥಲ್ಲಿ ನನಗೆ ಜ್ವರ ಬಂತು. ಕೆಮ್ಮುತ್ತಾ ನೀರು ಕಾಯಿಸುತ್ತಿದ್ದುದನ್ನು ಪಕ್ಕದ ರೂಮಿನ ಹುಡುಗಿ ಲೀನಾ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಬಾಗಿಲು ತಟ್ಟಿದ ಸದ್ದು. ನೀಲಿ ಬೌಲಿನಲ್ಲಿ ಬಿಸಿ ಬಿಸಿ ಬೇಳೆ ಸೂಪು! ಉಪ್ಪು ಸಾಲದು, ಖಾರವಿಲ್ಲ, ಒಗ್ಗರಣೆಯ ಮಾತಂತೂ ಎತ್ತಲೇಬೇಡಿ. ಆದರೂ ಕಣ್ಣಲ್ಲಿ ನೀರು ಬಂತು. ನಾನಿಲ್ಲಿಗೆ ಬಂದ ಮೇಲೆ ಆ ಬಾಗಿಲು ತಟ್ಟಿದ್ದು ಅವಳೊಬ್ಬಳೇ.

ಜ್ವರ ಬಿಟ್ಟಿತು. ಬೌಲು ತೊಳೆದಿಟ್ಟೆ. ಅವತ್ತೇ ಕೊಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಾ? ಖಾಲಿ ಬೌಲು ಕೊಡುವುದು ಹೇಗೆ?

ಕಾಪುವಿನ ನಮ್ಮ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಕಳಿಸಿದರೆ, ಅದು ಚಕ್ಕುಲಿಯನ್ನೋ, ಏನೂ ಇಲ್ಲವೆಂದರೆ ಹಿತ್ತಿಲಿನ ನಾಲ್ಕು ನುಗ್ಗೆಕಾಯಿಯನ್ನೋ ಹೊತ್ತುಕೊಂಡೇ ವಾಪಸು ಹೋಗುತ್ತಿತ್ತು. ಅಷ್ಟಮಿಗೆ ನಮ್ಮಿಂದ ಮೂಡೆ ಕಡುಬು ಹೋದ ಪಾತ್ರೆಯೂ ಎಂದೂ ಖಾಲಿ ಬಂದದ್ದಿಲ್ಲ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ನೋಡಿ ಬಂದದ್ದು.

ಹಾಗಾಗಿ ಕಾದೆ. ತೆಂಗಿನಕಾಯಿ ಬರ್ಫಿ ಮಾಡೋಣವೆಂದರೆ ಅಂಗಡಿಯಿಂದ ತಂದ ಕಾಯಿ ಒಳಗೆ ಕೊಳೆತಿತ್ತು. ಗೋಳಿಬಜೆ ಕರಿಯೋಣವೆಂದರೆ ಹೊಗೆಗೆ ಅಲಾರಂ ಹೊಡೆದುಕೊಂಡೀತೆಂಬ ಹೆದರಿಕೆ. ನಡುವೆ ಸೆಮಿನಾರು. ಹೀಗೇ ವಾರಗಳು ಹೋದವು.

ಆಗ ಬಂತು, ಗ್ರೂಪಿನಲ್ಲಿ ಲೀನಾಳ ಮೆಸೇಜು. "ನನ್ನ ನೀಲಿ ಬೌಲು ಯಾರಲ್ಲಾದರೂ ಇದ್ದರೆ ದಯವಿಟ್ಟು ಅಡುಗೆಮನೆಯಲ್ಲಿ ಇಡಿ. ಅಜ್ಜಿ ಕೊಟ್ಟದ್ದು." ಯಾರಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲವೇ? ಗೊತ್ತು. ಹೆಸರು ಹೇಳದಿರುವುದು ಅವಳ ಮರ್ಯಾದೆ. ಅದರ ಕೆಳಗೆ ಇನ್ನೊಬ್ಬ ಬರೆದ, "ಈ ಮಹಡಿಯಲ್ಲಿ ಕಳ್ಳರಿದ್ದಾರೆ." ಇಡೀ ಊರಿನಲ್ಲಿ ನನಗಿದ್ದ ಒಬ್ಬಳೇ ಪರಿಚಯದವಳನ್ನೂ ಕಳೆದುಕೊಳ್ಳುತ್ತಿದ್ದೆ.

ಅಮ್ಮನಿಗೆ ಫೋನ್ ಮಾಡಿದೆ. (ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ.)

"ಎಂತ ಮಾರಾಯ್ತಿ, ಇಷ್ಟು ದಿನ ಇಟ್ಟುಕೊಂಡು ಕೂತದ್ದಾ? ಪಾಪ, ಆ ಹುಡುಗಿ ಎಂತ ಗ್ರಹಿಸಿರಬಹುದು!"

"ಕೊಡ್ಲಿಕ್ಕೆ ಎಂತದೂ ಇರ್ಲಿಲ್ಲಮ್ಮಾ."

"ಸಕ್ಕರೆ ಉಂಟಲ್ವಾ? ಒಂದು ಮುಷ್ಟಿ ಹಾಕಿ ಈಗ್ಲೇ ಕೊಟ್ಟು ಬಾ. ಖಾಲಿ ಮಾತ್ರ ಕೊಡ್ಬೇಡ, ಆಯ್ತಾ?"

ಸಕ್ಕರೆ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಲೀನಾ ಬಂದಳು. ತಡವಾದದ್ದೇಕೆಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ನಮ್ಮೂರಿನಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಅದಕ್ಕೇ ಈ ಸಕ್ಕರೆ ಎಂದೆ. ಅವಳ ಮುಖ ಅರಳಿತು.

"ಓ, ಎಷ್ಟು ಚೆಂದದ ಪದ್ಧತಿ!" ಎಂದಳು. "ಆದರೆ ನಾನು ಸಕ್ಕರೆ ತಿನ್ನುವುದಿಲ್ಲ. ಸುಮ್ಮನೆ ಹಾಳಾಗುತ್ತದೆ."

ಒಳಗೆ ಹೋದಳು. ಸಕ್ಕರೆಯನ್ನು ಒಂದು ಕಾಗದದ ಲೋಟಕ್ಕೆ ಜೋಪಾನವಾಗಿ ಸುರಿದು ತಂದು ನನ್ನ ಕೈಗಿಟ್ಟಳು. ನಕ್ಕಳು. ಬಾಗಿಲು ಮುಚ್ಚಿದಳು.

ಅವಳದು ತಪ್ಪೇ? ಖಂಡಿತ ಅಲ್ಲ. ಸಿಟ್ಟಿಲ್ಲ, ಕೊಂಕಿಲ್ಲ, ಸಂಜೆ ಗ್ರೂಪಿನಲ್ಲಿ "ಬೌಲು ಸಿಕ್ಕಿತು" ಎಂದು ಕೆಂಪು ಹೃದಯ ಬೇರೆ ಹಾಕಿದಳು. ಆದರೂ ಆ ಕಾರಿಡಾರಿನಲ್ಲಿ ಲೋಟ ಹಿಡಿದು ನಿಂತಾಗ ನನಗೆ ಅಳು ಬಂತು. ಸಿಸಿಲಿಯಾ ಬಾಯಿಗೆ ನಮ್ಮ ನುಗ್ಗೆಕಾಯಿ ಯಾಕೆ ಬೇಕಿತ್ತು? ಅವರ ಹಿತ್ತಿಲಲ್ಲೇ ಮರವಿತ್ತು. ಆದರೂ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಂಡರೆ ತಾನೇ ಮತ್ತೇನಾದರೂ ಕೊಡಲು ಬರಬಹುದು, ಬಂದರೆ ತಾನೇ ಬೇಲಿಯ ಹತ್ತಿರ ನಿಂತು ಮಾತಾಡಬಹುದು?

ಈಗ ಅವಳ ಬೌಲು ಅವಳ ಹತ್ತಿರ, ನನ್ನ ಸಕ್ಕರೆ ನನ್ನ ಹತ್ತಿರ. ಇನ್ನು ಯಾವ ನೆಪ ಹೇಳಿ ಆ ಬಾಗಿಲು ತಟ್ಟಲಿ?