ಮೂವರನ್ನು ಕೈಬಿಟ್ಟ ಚಳಿಗಾಲ

ನಮ್ಮ ಬೇಸ್‌ಬಾಲ್ ತಂಡದಲ್ಲಿ ಐದು ವರ್ಷ ಫಸ್ಟ್ ಬೇಸ್ ಕಾದವನು ನಾನು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಆ ಜಾಗವನ್ನು ನನ್ನಿಂದ ಕಿತ್ತುಕೊಂಡರು. ಕಿತ್ತುಕೊಂಡ ಬಗೆಯನ್ನು ಬರೆದಿಡಬೇಕಾಗಿದೆ. ಏಕೆಂದರೆ ಅದರಲ್ಲಿ ಕೈಯಿದ್ದವರೆಲ್ಲ ಈಗ ಏನೂ ನಡೆದೇ ಇಲ್ಲವೆಂಬಂತೆ ನನ್ನನ್ನು ಕಂಡರೆ ನಗುತ್ತಾರೆ.

ತಂಡದವರೆಲ್ಲ ಕನ್ನಡದವರು, ಅಮೆರಿಕದ ರೆಡ್ಮಂಡ್ ಸುತ್ತಿನ ಕಚೇರಿಗಳಲ್ಲಿ ದುಡಿಯುತ್ತಿದ್ದ ಇಂಜಿನಿಯರುಗಳು. ಕ್ರಿಕೆಟ್ ಆಡಲು ಮೈದಾನ ಸಿಗದೆ ಬೇಸ್‌ಬಾಲಿಗೆ ಬಂದಿದ್ದೆವು. ಆಟ ಬದಲಾದರೂ ಕೈಕಾಲಿನ ಅಭ್ಯಾಸ ಬದಲಾಗಿರಲಿಲ್ಲ. ಮೈಸೂರಿನವರೊಬ್ಬರು ಚೆಂಡನ್ನು ಮೆಲ್ಲಗೆ ತಳ್ಳಿ, ಅಂಗೈ ಎತ್ತಿ "ನೋ!" ಎಂದು ಕೂಗಿ ನಿಂತಲ್ಲೇ ನಿಂತುಬಿಡುತ್ತಿದ್ದರು. ಬೇಸ್‌ಬಾಲಿನಲ್ಲಿ ಚೆಂಡು ಅಂಕಣದೊಳಗೆ ಬಿದ್ದರೆ ಹೊಡೆದವನು ಫಸ್ಟ್ ಬೇಸಿನತ್ತ ಓಡಲೇಬೇಕು. ಬೇಡವೆನ್ನಲು ಎದುರು ತುದಿಯಲ್ಲಿ ಜೊತೆಗಾರನೂ ಇರುವುದಿಲ್ಲ. ಎದುರಾಳಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅವರನ್ನು ಔಟ್ ಮಾಡುತ್ತಿದ್ದರು. ಮೂರನೆಯ ವರ್ಷವೂ ಅವರು "ನೋ" ಎನ್ನುವುದನ್ನು ಬಿಟ್ಟಿರಲಿಲ್ಲ.

ಇಂಥ ತಂಡ ಐದನೆಯ ವರ್ಷ ಎರಡೇ ಪಂದ್ಯ ಗೆದ್ದಿತು. ನವೆಂಬರಿನಲ್ಲಿ ನಮ್ಮ ನಾಯಕ ಈಸ್ಟ್‌ಗೇಟ್‌ನ ತನ್ನ ಮನೆಗೆ ನನ್ನೊಬ್ಬನನ್ನೇ ಕರೆದ. ಬೆಂಗಳೂರಿನವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಹಿಂದೊಮ್ಮೆ ಅಂಪೈರ್ ಎದುರಿಗೆ ನನ್ನನ್ನು "ಅಂಕಲ್" ಎಂದಿದ್ದವನು. ಐದು ವರ್ಷದ ಸ್ಕೋರ್ ಪುಸ್ತಕಗಳು ನನ್ನ ಬಳಿ ಇದ್ದುದರಿಂದ ಮುಂದಿನ ವರ್ಷದ ತಂಡವನ್ನು ಯೋಜಿಸಲು ನಾನು ಬೇಕಾಗಿದ್ದೆ.

ಸಮಸ್ಯೆ ಸರಳವಾಗಿತ್ತು. ನಮ್ಮ ಅಂಗಿಯ ಮೇಲೆ ತನ್ನ ಹೆಸರು ಹಾಕಿಸಿಕೊಂಡು ಹಣ ಕೊಡುತ್ತಿದ್ದ ದಿನಸಿ ಅಂಗಡಿಯ ಮಾಲೀಕ ಮುಂದಿನ ವರ್ಷ ಅರ್ಧ ಮಾತ್ರ ಕೊಡುವೆನೆಂದಿದ್ದ. ಆ ಹಣದಲ್ಲಿ ಹದಿನೈದು ಜನರ ತಂಡವನ್ನಷ್ಟೇ ಸಾಕಬಹುದಿತ್ತು. ನಾವು ಆಗಲೇ ಹದಿನೈದು ಜನರಿದ್ದೆವು. ಕಾಲೇಜು ತಂಡದಲ್ಲಿ ಆಡಿದ್ದ ಚೆಂಡೆಸೆಯುವ ಒಬ್ಬ ಅಮೆರಿಕನ್ ಪಿಚರ್ ನಮ್ಮಲ್ಲಿಗೆ ಬರಲು ಸಿದ್ಧನಿದ್ದ. ಆದರೆ ತನ್ನ ಎಸೆತ ಹಿಡಿಯುವ ಕ್ಯಾಚರನನ್ನೂ ಇನ್ನೊಬ್ಬ ಗೆಳೆಯನನ್ನೂ ಕರೆತರುವೆನೆಂದ. ಮೂವರು ಒಳಗೆ ಬರಬೇಕಾದರೆ ಮೂವರು ಹೊರಗೆ ಹೋಗಬೇಕು.

ನಾನು ಎರಡು ವಾರ ಕುಳಿತು ಪ್ರತಿಯೊಬ್ಬರ ಹೊಡೆತ, ಹಿಡಿತ, ತಪ್ಪು, ಗೈರುಹಾಜರಿಗಳನ್ನು ತೂಗಿದೆ. ಕೊನೆಗೆ ಉಳಿದ ಮೂರು ಹೆಸರುಗಳಲ್ಲಿ ನನಗೆ ಸಂದೇಹವಿರಲಿಲ್ಲ: "ನೋ" ಎನ್ನುವ ಮೈಸೂರಿನವರು, ಆರು ಪಂದ್ಯಗಳಿಗೆ ತಡವಾಗಿ ಬಂದಿದ್ದ ತುಮಕೂರಿನ ತರುಣ, ಮತ್ತು ನಮ್ಮ ಕ್ಯಾಚರ್ ಆಗಿದ್ದ ಧಾರವಾಡದವರು. ಅವರ ಮೊಣಕಾಲು ಸವೆದಿತ್ತು. ಕೂತರೆ ಏಳಲು ಅಂಪೈರನ ಭುಜ ಬೇಕಾಗುತ್ತಿತ್ತು. ಅವರೊಮ್ಮೆ ಯುಗಾದಿ ಊಟದಲ್ಲಿ, "ಸರ್ ಫಸ್ಟ್ ಬೇಸ್ ಬಿಟ್ಟ ಕದಲಂಗಿಲ್ಲ, ಊರ ಬಾಗಲ ಹನಮಪ್ಪ ಇದ್ದಂಗ" ಎಂದು ನಲವತ್ತು ಜನರನ್ನು ನಗಿಸಿದ್ದರು. ಅದನ್ನು ನಾನು ತೂಕಕ್ಕೆ ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ.

ಪಟ್ಟಿ ನೋಡಿ ನಾಯಕ ತಲೆದೂಗಿದ.

"ಫಸ್ಟ್ ಬೇಸ್?" ಎಂದು ನಾನೇ ಕೇಳಿದೆ.

"ಅದ್ರ ಪ್ರಶ್ನೆನೇ ಇಲ್ಲ ಸರ್, ಅದು ನಿಮ್ದೇ. ಆದ್ರೆ ಒಂದ್ ಹೆಲ್ಪ್ ಮಾಡ್ಬೇಕು. ಈ ಮೂರು ಜನಕ್ಕೆ ನೀವೇ ಹೇಳ್ಬಿಡಿ. ನಾನ್ ಹೇಳಿದ್ರೆ ಪಾಲಿಟಿಕ್ಸ್ ಅಂತಾರೆ. ಹಿರಿಯರು ಮನೆಗೆ ಹೋಗಿ ಹೇಳಿದ್ರೆ ಯಾರೂ ಎದುರಾಡಲ್ಲ."

ನಮ್ಮಲ್ಲಿ ಅದು ಹಾಗೆಯೇ. ಮುರಿದುಬಿದ್ದ ಸಂಬಂಧದ ಸುದ್ದಿಯನ್ನಾಗಲಿ, ಪಾಲು ಬೇರೆಯಾಗುವ ಮಾತನ್ನಾಗಲಿ ಹಿರಿಯರೊಬ್ಬರು ಮನೆಗೆ ಹೋಗಿ, ಕೊಟ್ಟಿದ್ದನ್ನು ತಿಂದು, ಆಮೇಲೆ ಹೇಳಬೇಕು. ತಿನ್ನುವ ಮೊದಲು ಹೇಳಿದರೆ ಅಪಮಾನ. ತಿನ್ನದೆ ಎದ್ದರೆ ಇನ್ನೂ ದೊಡ್ಡ ಅಪಮಾನ. ನಾನು ಒಪ್ಪಿದೆ.

ಮೈಸೂರಿನವರ ಮನೆಯಲ್ಲಿ ಉಪ್ಪಿಟ್ಟು ತಿಂದು ಹೇಳಿದೆ. ಅವರು ಜೋರಾಗಿ ನಕ್ಕು, ಒಳಗೆ ಹೋದವರು ಹೊರಗೆ ಬರಲಿಲ್ಲ. ತುಮಕೂರಿನವನು, "ಓಕೆ ಸರ್, ಥ್ಯಾಂಕ್ಸ್ ಸರ್" ಎಂದು ಬಾಗಿಲವರೆಗೆ ಬಂದು, ನಾನು ಕಾರು ಹತ್ತುವ ಮೊದಲೇ ಬಾಗಿಲು ಹಾಕಿಕೊಂಡ.

ಧಾರವಾಡದವರ ಮನೆಯಲ್ಲಿ ಅವರ ಹೆಂಡತಿ, "ಬರ್ರಿ, ಕೂಡ್ರಿ, ಅವಲಕ್ಕಿ ಹಚ್ಚೀನಿ" ಎಂದು ತಟ್ಟೆ ತುಂಬ ತಂದಿಟ್ಟರು. ತಿಂದು ಮುಗಿಸಿ ಮಾತಿಗೆ ತೊಡಗಿದೆ. ಅವರ ಸೇವೆ, ಅನುಭವ, ತಂಡದ ಇಕ್ಕಟ್ಟು, ಮೊಣಕಾಲಿನ ಆರೋಗ್ಯ, ಎಲ್ಲವನ್ನೂ ಹೇಳಿದೆ. ಹೊರಗೆ ಹಾಕಿದ್ದೇವೆಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಅವರ ಹತ್ತು ವರ್ಷದ ಮಗಳು, "ಅಪ್ಪಾ, ಯೂ ಗಾಟ್ ಕಟ್!" ಎಂದಳು.

ಅವರು ನನ್ನ ಮುಖ ನೋಡಿದರು. "ಖರೇನ್ರಿ?"

"ಹೌದು" ಎಂದೆ.

ಅವರು ಗ್ಯಾರೇಜಿಗೆ ಹೋಗಿ, ತಂಡದ ಹಣದಲ್ಲಿ ಕೊಂಡಿದ್ದ ಕ್ಯಾಚರನ ಮುಖವಾಡವನ್ನೂ ಮೊಣಕಾಲ ಕವಚಗಳನ್ನೂ ತಂದು ನನ್ನ ಕಾಲ ಬಳಿ ಇಟ್ಟರು. ನಾನು ಕೇಳಿರಲಿಲ್ಲ. ಅವನ್ನು ಕಾರಿನಲ್ಲಿ ಹಾಕಿಕೊಂಡು ಬರುವಾಗ ನನಗೆ ಕೆಲಸ ಅಚ್ಚುಕಟ್ಟಾಗಿ ಮುಗಿಯಿತೆಂಬ ಸಮಾಧಾನವಿತ್ತು. ಸುಳ್ಳು ಹೇಳಲಾರೆ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಅದೇ ಧಾರವಾಡದವರು ನಮ್ಮ ಮನೆಯ ಕರೆಗಂಟೆ ಒತ್ತಿದರು. ನನ್ನ ಹೆಂಡತಿ ಚಹಾ, ಚಕ್ಕುಲಿ ಕೊಟ್ಟಳು. ಅವರು ಚಕ್ಕುಲಿಯನ್ನು ಸುತ್ತು ಸುತ್ತಾಗಿ ಮುರಿದು, ಒಂದು ಚೂರೂ ಬಿಡದೆ ತಿಂದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

"ಸರ, ಆ ಪಿಚರ್ ತನ್ನ ಫಸ್ಟ್ ಬೇಸ್‌ನವನ್ನೂ ಕರಕೊಂಡ ಬರ್ತಾನಂತ್ರಿ" ಎಂದರು.

"ಅದಕ್ಕೆ?"

"ಅದಕ್ಕ ನನ್ನ ಕಳಿಸ್ಯಾರ. ನಿಮ್ಮ ಬಿಟ್ರ ವಯಸ್ಸಿನ್ಯಾಗ ನಾನ ದೊಡ್ಡಾವ ಅಲ್ರಿ."

"ಈಗ ತೀರ್ಮಾನಿಸಿದರೋ?"

"ಇಲ್ರಿ. ನಾಕನೇ ಹೆಸರು ನವೆಂಬರದಾಗ ಆಗಿತ್ತಂತ. ನಾಯಕನ ಹೇಳಿದ. ನಮ್ಮ ಮೂರು ಮಂದಿಗೆ ಹೇಳಾಕ ಒಬ್ಬರು ಹಿರಿಯರು ಬೇಕಾಗಿತ್ತಲ್ಲ, ಅದಕ್ಕ ನಿಮ್ಮನ್ನ ಅಲ್ಲೀತನಕ ಉಳಿಸಿಕೊಂಡಿದ್ರಂತ."

ಅಂದರೆ "ಅದು ನಿಮ್ದೇ" ಎಂದು ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಾಗಲೇ ಆ ಜಾಗ ನನ್ನದಾಗಿರಲಿಲ್ಲ. ನಾನು ಮನೆಮನೆಗೆ ಹೋಗಿ ತಿಂದದ್ದು, ಮಾತಾಡಿದ್ದು, ಎಲ್ಲವೂ ಅವನ ಬಿಟ್ಟಿ ಚಾಕರಿಯಾಗಿತ್ತು.

ಧಾರವಾಡದವರು ಇನ್ನೂ ಕೂತೇ ಇದ್ದರು. ಕೈಬಿಟ್ಟ ಮೂವರೂ ಸೇರಿ ಲಿನ್‌ವುಡ್‌ನಲ್ಲಿ ಹೊಸ ತಂಡ ಕಟ್ಟುತ್ತಿದ್ದಾರೆಂದು ನಾನು ದಿನಸಿ ಅಂಗಡಿಯಲ್ಲಿ ಕೇಳಿದ್ದೆ. ಯಾರ ಬಳಿಯೂ ಏನನ್ನೂ ಬೇಡಿದವನಲ್ಲ ನಾನು. ಆದರೆ ಬರುವ ಏಪ್ರಿಲ್ಲಿನಲ್ಲಿ ಆಟ ಶುರುವಾದಾಗ ನಾನು ನಿಲ್ಲಲು ಮೈದಾನದಲ್ಲಿ ಒಂದು ಜಾಗವೂ ಇಲ್ಲವೆಂಬುದನ್ನು ಆ ಕ್ಷಣದಲ್ಲಿ ಸಹಿಸಲಾಗಲಿಲ್ಲ.

"ನಿಮ್ಮ ತಂಡದಲ್ಲಿ ಫಸ್ಟ್ ಬೇಸಿಗೆ ಯಾರಿದ್ದಾರೆ?" ಎಂದು ಕೇಳಿದೆ.

"ಇನ್ನೂ ಯಾರಿಲ್ರಿ. ಎಂಟ ಮಂದಿ ಆಗೇವಿ. ಒಂಬತ್ತ ಮಂದಿ ಬೇಕಲ್ರಿ, ಒಬ್ಬರನ್ನ ಹುಡಕಾಕತ್ತೀವಿ."

"ನಾನು ಬರುತ್ತೇನೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ನಲ್ಲಿ ನಿಲ್ಲಿಸಿದಳು. ಅವರು ಬಟ್ಟಲನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟರು.

"ಸರ, ನಾವು ಮೂರೂ ಮಂದಿ ಮೊದಲನೇ ದಿನಾನ ಮಾತಾಡಿಕೊಂಡೀವ್ರಿ. ಯಾರ ಬಂದ್ರೂ ತಗೊಳ್ಳೋದು, ಕಣ್ಣ ಕಾಣದವರು ಬಂದ್ರೂ ತಗೊಳ್ಳೋದು. ನಿಮ್ಮನ್ನ ಬಿಟ್ಟು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಮೊಣಕಾಲಿನ ಮೇಲೆ ಎರಡೂ ಕೈ ಊರಿ ಎದ್ದು, ನನ್ನ ಹೆಂಡತಿಗೆ, "ಚಕ್ಕಲಿ ಛಲೋ ಆಗ್ಯಾವ್ರಿ ವೈನಿ" ಎಂದು ಹೇಳಿ ಹೊರಟರು.

ಆ ಬೇಸಿಗೆಯಿಡೀ ಅವರು ಎಂಟೇ ಜನ ಆಡಿದರೆಂದು ಕೇಳಿದೆ. ಒಂಬತ್ತನೆಯವರು ಕೊನೆಗೂ ಸಿಗಲಿಲ್ಲ. ಆಡಿದ ಪ್ರತಿ ಪಂದ್ಯವನ್ನೂ ಸೋತರು. ಫೋನಿನಲ್ಲಿ ಕರೆದಿದ್ದರೆ ಅರ್ಧ ಗಂಟೆಯಲ್ಲಿ ಲಿನ್‌ವುಡ್ ತಲುಪುತ್ತಿದ್ದೆ. ಕರೆಯಲಿಲ್ಲ.