ಗೋಡೆಯಲ್ಲಿದ್ದ ಸುತ್ತಿಗೆ

ಮರಗೆಲಸದ ಆ ಶೆಡ್ಡಿಗೆ ಬರುವವರೆಲ್ಲ ಅವಳನ್ನು ಪಾಲಿಶ್ ಅಕ್ಕ ಎನ್ನುತ್ತಿದ್ದರು. ತಮ್ಮಂದಿರಿಬ್ಬರು ಕುರ್ಚಿ, ಬೀರು ಮಾಡುವುದು. ಅಕ್ಕ ಅವನ್ನು ಉಜ್ಜಿ ಹೊಳಪು ಕೊಡುವುದು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಇಬ್ಬರನ್ನೂ ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಯಾರಾದರೂ ಮದುವೆಯ ಮಾತೆತ್ತಿದರೆ, "ನನಗಾಗಲೇ ಎರಡು ಮಕ್ಕಳಿದಾವೆ, ಯಾವ ಗಂಡು ಒಪ್ತಾನೆ?" ಎಂದು ನಗಿಸಿ ಕಳಿಸುತ್ತಿದ್ದಳು.

ದೊಡ್ಡವನ ಕೈ ಬಂಗಾರದ್ದು. ಅವನು ಕೂಡಿಸಿದ ಹಲಗೆಗಳ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಚಿಕ್ಕವನೂ ಕೆಟ್ಟ ಕೆಲಸಗಾರನೇನಲ್ಲ, ಆದರೆ ಬಂದವರೆಲ್ಲ "ದೊಡ್ಡವರಿಲ್ವಾ?" ಎಂದು ಕೇಳಿ ಕೇಳಿ ಅವನ ಮನಸ್ಸು ಕಹಿಯಾಗಿತ್ತು.

ಅವತ್ತು ಚಿಕ್ಕವನು ಮಾಡಿದ ಬೀರು ನೋಡಲು ಗಿರಾಕಿಯೊಬ್ಬ ಬಂದಿದ್ದ. ಬಾಗಿಲು ಸರಿಯಾಗಿ ಕೂರಲಿಲ್ಲ. "ಇವನದ್ದು ಯಾವಾಗ್ಲೂ ಅರ್ಧ ಬೆಂದ ಕೆಲಸ, ನಾನು ಸರಿಮಾಡಿ ಕೊಡ್ತೀನಿ ಬಿಡಿ" ಎಂದು ದೊಡ್ಡವನು ನಕ್ಕ. ಗಿರಾಕಿಯೂ ನಕ್ಕು ಹೋದ. ಆಮೇಲೆ ಮಾತಿಗೆ ಮಾತು ಬೆಳೆಯಿತು. ಚಿಕ್ಕವನ ಕೈಯಲ್ಲಿ ಮರದ ಕೊಡತಿ ಇತ್ತು. ಅದನ್ನು ಕೆಳಗಿಟ್ಟ. ಹಿಂದಿನ ಗೋಡೆಯ ತನಕ ಹೋಗಿ, ಮೊಳೆಗೆ ತೂಗುಹಾಕಿದ್ದ ಕಬ್ಬಿಣದ ಸುತ್ತಿಗೆ ತೆಗೆದುಕೊಂಡು ಬಂದ. ದೊಡ್ಡವನು ಬಲಗೈಯನ್ನು ಮೇಜಿನ ಮೇಲೂರಿ ಬೀರುವಿನ ಕಡೆ ತಿರುಗಿದ್ದ. ಪಾಲಿಶ್ ಬಟ್ಟೆ ಹಿಡಿದು ನಿಂತಿದ್ದ ಅಕ್ಕನಿಗೆ ಹಸಿ ಕೊಂಬೆ ಮುರಿದಂಥ ಸದ್ದು ಕೇಳಿಸಿತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಮತ್ತೆ ಮಡಚಲಿಲ್ಲ. ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಗಿ ಚಿಕ್ಕವನನ್ನು ಹಿಡಿದರು.

ಅವನಿಗೆ ವಕೀಲರನ್ನು ಗೊತ್ತುಮಾಡಿದವನು ಏಟು ತಿಂದ ಅಣ್ಣನೇ. ವಕೀಲರು ಮನೆಗೆ ಬಂದು ಅಕ್ಕನಿಗೆ ಬಿಡಿಸಿ ಹೇಳಿದರು: "ನೋಡಮ್ಮ, ಕೈ ಹೋಗಿದೆ ಅನ್ನೋದನ್ನ ಎಕ್ಸ್‌ರೇ ಹೇಳುತ್ತೆ. ತೀವ್ರ ಗಾಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೇಕಂತಲೇ ಮಾಡಿದ ಅಂತಾನೂ ಸಾಬೀತಾಗ್ಬೇಕು. ಮನಸ್ಸಿಗೆ ಎಕ್ಸ್‌ರೇ ಇಲ್ವಲ್ಲ. ಜಗಳದಲ್ಲಿ ಕೈತಪ್ಪಿ ಬಿತ್ತು ಅಂದ್ರೆ ಕೇಸು ಹಗುರಾಗುತ್ತೆ."

ದೊಡ್ಡವನು ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು, "ನಾನಂತೂ ಆ ಕಡೆ ತಿರುಗಿದ್ದೆ. ನೋಡಿದವಳು ನೀನೊಬ್ಬಳೇ" ಎಂದ. "ನನ್ನ ಕೈ ಹೋಗಿದ್ದು ಹೋಯ್ತು. ಅವನಾದ್ರೂ ಉಳೀಲಿ ಅಕ್ಕ."

ಅವಳು ಪಾತ್ರೆ ತೊಳೆಯುವಾಗಲೂ ಬಾಯಿಪಾಠ ಮಾಡಿದಳು: ಬೇಕಂತ ಮಾಡಿಲ್ಲ ಸ್ವಾಮಿ, ಬೇಕಂತ ಮಾಡಿಲ್ಲ.

ಕಟಕಟೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ. ಸರ್ಕಾರದ ಕಡೆಯ ವಕೀಲರು ಮಧ್ಯವಯಸ್ಸಿನ ಹೆಂಗಸು. ಪಕ್ಕದ ಮನೆಯವರಂತೆ ಮೆಲ್ಲಗೆ ವಿಚಾರಿಸಿದರು.

"ಜಗಳ ಶುರುವಾದಾಗ ನಿಮ್ಮ ತಮ್ಮನ ಕೈಯಲ್ಲಿ ಏನಿತ್ತಮ್ಮ?"

"ಕೊಡತಿ. ಮರದ್ದು."

"ಅದರಲ್ಲೇ ಹೊಡೆದದ್ದಾ?"

"ಅಯ್ಯೋ ಇಲ್ಲ. ಅದನ್ನ ಕೆಳಗಿಟ್ಟುಬಿಟ್ಟಿದ್ದ." ಒಳ್ಳೆಯ ಮಾತೇ ಆಡುತ್ತಿದ್ದೇನೆ ಎಂದುಕೊಂಡಳು ಅವಳು.

"ಸುತ್ತಿಗೆ ಎಲ್ಲಿರುತ್ತೆ?"

"ಹಿಂದಿನ ಗೋಡೇಲಿ. ಮೊಳೆಗೆ."

ನ್ಯಾಯಾಧೀಶರು ಬರೆದುಕೊಂಡರು. ಚಿಕ್ಕವನ ವಕೀಲರು ಕಣ್ಣು ಮುಚ್ಚಿಕೊಂಡರು. ಏನೋ ಆಗಬಾರದ್ದು ಆಗಿಹೋಯಿತೆಂದು ಅವಳಿಗೆ ಹೊಳೆದದ್ದು ಆಗ. "ಅವನು ಬೇಕಂತ ಮಾಡಿಲ್ಲ" ಎಂದಳು. ಯಾರೂ ಅದನ್ನು ಕೇಳಿರಲಿಲ್ಲ.

ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದರಿಂದ ಹೊಡೆಯುವುದು ಬೇರೆ; ಹಗುರವಾದದ್ದನ್ನು ಇಟ್ಟು, ನಡೆದು ಹೋಗಿ ಭಾರವಾದದ್ದನ್ನು ತಂದು, ಕಸುಬಿನ ಕೈಯ ಮೇಲೆಯೇ ಹೊಡೆಯುವುದು ಬೇರೆ; ಉದ್ದೇಶ ಆ ನಡಿಗೆಯಲ್ಲೇ ಇದೆ ಎಂದು ತೀರ್ಪಾಯಿತು. ಏಳು ವರ್ಷ.

ದೊಡ್ಡವನು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳುವುದಕ್ಕಾದರೂ ಒಂದು ನೆಪವಿರುತ್ತಿತ್ತು. ಶೆಡ್ಡನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟ. ದಿನವಿಡೀ ಕಿಟಕಿಯ ಹತ್ತಿರ ಸುಮ್ಮನೆ ಕೂರತೊಡಗಿದ.

ಜೈಲಿನಲ್ಲಿ ಮೊದಲ ಸಲ ಭೇಟಿಗೆ ಬಿಟ್ಟಾಗ ಅವಳು ಜಾಲರಿಯ ಈಚೆಯಿಂದ, "ನನ್ನ ಬಾಯಿಗೆ ಮಣ್ಣು ಹಾಕ" ಎಂದಳು.

"ನಿಂದೇನಿದೆ ಅಕ್ಕ" ಎಂದ ಚಿಕ್ಕವನು. "ಕೈತಪ್ಪಿ ಬಿತ್ತು ಅಂತ ಹೇಳಿ ಹೇಳಿ ನಾನೂ ಹಾಗೇ ನಂಬಿದ್ದೆ. ಗೋಡೆ ತನಕ ಹೋಗಿದ್ದು ನೀನು ಹೇಳಿದ ಮೇಲೇ ನೆನಪಾಯ್ತು. ಹೋಗ್ತಾ ಹೋಗ್ತಾ ನಿಲ್ಲಬಹುದಿತ್ತು ಅಕ್ಕ. ಅಷ್ಟು ದೂರ ಇತ್ತು."

ಅವಳು ಜಾಲರಿಯೊಳಗೆ ಬೆರಳು ತೂರಿಸಿದಳು. ಕಾವಲಿನವನು ಬೇಡ ಎಂದ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದೊಡ್ಡವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಸೊರಗಿದಾನಾ?" ಎಂದು ಕೇಳಿದ.

"ಹೂಂ" ಎಂದಳು ಅಕ್ಕ.

ಆ ರಾತ್ರಿ ಇಬ್ಬರ ತಟ್ಟೆಗಳೂ ಹಾಗೇ ಉಳಿದವು.