ಆಕಾಶದ ತಿರುವಿನಲ್ಲಿ ಹಾರ್ನ್

ವಿಮಾನ ಹಾರಿಸಲು ಧೈರ್ಯ ಬೇಕು ಎಂದು ಯಾರಾದರೂ ಹೇಳಿದರೆ, ಇವರು ಯಾವತ್ತಾದರೂ ಹಾರಿಸಿದ್ದಾರೋ ಎಂಬ ಅನುಮಾನ ನನಗೆ ಮೊದಲು ಬರುತ್ತದೆ. ಪೈಲಟ್ ಆದೆನೆಂದು ನಮ್ಮೂರು ಆಲಂಕಾರಿನಲ್ಲಿ ನನಗೆ ಸನ್ಮಾನವಾದಾಗ ಭಾಷಣಕ್ಕೆ ನಿಂತವರೆಲ್ಲ ಈ ಒಂದೇ ಪದವನ್ನು ಪ್ರಸಾದದಂತೆ ಹಂಚಿಕೊಂಡು ಮಾತಾಡಿದರು. ಸತ್ಯ ಹೇಳಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಚಿಕ್ಕಮ್ಮ ಮಾತ್ರ. "ಎಂತ ಧೈರ್ಯ? ಕಾಲಿಗೆ ಜಿಗಣೆ ಹತ್ತಿದರೆ ರಾಮಕುಂಜಕ್ಕೆ ಕೇಳುವ ಹಾಗೆ ಬೊಬ್ಬೆ ಹೊಡೆಯುದು ಇವಳು" ಎಂದು ಪಕ್ಕದವರಿಗೆ ಹೇಳಿದ್ದು ಮೈಕಿನಲ್ಲಿ ಹೇಳಿದಷ್ಟೇ ಸ್ಪಷ್ಟವಾಗಿತ್ತು.

ನನ್ನ ವಾದ ಇಷ್ಟು: ವಿಮಾನ ಹಾರಿಸಲು ಬೇಕಾದ್ದು ಬಾಯಿ ಮುಚ್ಚಿಕೊಳ್ಳುವ ಶಕ್ತಿ. ಅದು ನನ್ನಲ್ಲಿ ಇರಲಿಲ್ಲ. ಶಾಲೆಯಿಂದಲೂ ನಾನು ಚರ್ಚಾಸ್ಪರ್ಧೆಯವಳು. ಪರವಾಗಿ ಗೆದ್ದ ವಿಷಯಕ್ಕೆ ಮರುವಾರ ವಿರೋಧವಾಗಿಯೂ ಗೆದ್ದವಳು. ಊರಿನ ಗುಣವೂ ಇದ್ದೀತು. ನಮ್ಮ ತಾಳಮದ್ದಳೆಯಲ್ಲಿ ಯುದ್ಧಕ್ಕೆ ಬಂದ ವೀರರಿಬ್ಬರು ಬಾಣ ಬಿಡುವ ಮೊದಲು ಗಂಟೆಗಟ್ಟಲೆ ವಾದಿಸುತ್ತಾರೆ, ಭಾಗವತರು ತಾಳ ಹಿಡಿದು ಕಾಯುತ್ತಾರೆ. ಗಾಳಿಯಲ್ಲಿರುವ ವಿಮಾನಕ್ಕೆ ಭಾಗವತರ ತಾಳ್ಮೆ ಇಲ್ಲ.

ನಮ್ಮ ಕಡೆ ಚಪ್ಪಟೆ ನೆಲ ಸಿಗುವುದು ಶಾಲೆಯ ಆಟದ ಬಯಲಿನಲ್ಲಿ ಮಾತ್ರ. ಹಾಗಾಗಿ ಕಲಿಯಲು ಹೋದದ್ದು ಘಟ್ಟದ ಮೇಲಿನ ಒಂದು ಸಣ್ಣ ವಿಮಾನ ನಿಲ್ದಾಣಕ್ಕೆ. ಅಲ್ಲಿಯ ನಿಯಮ ವಿಚಿತ್ರ. ಹಾರಾಟ ನಿಯಂತ್ರಿಸುವ ಟವರಿನವರು ರೇಡಿಯೋದಲ್ಲಿ ಏನು ಹೇಳಿದರೂ ಅದನ್ನೇ ಅವರಿಗೆ ತಿರುಗಿ ಒಪ್ಪಿಸಬೇಕು. ಎದುರಾಳಿಯ ಮಾತನ್ನು ಗಿಳಿಯಂತೆ ಹೇಳಿ ಕೂರುವುದು! "ಕಾಯಿರಿ" ಎಂದಾಗ ನಾನು "ಯಾಕೆ? ರನ್‌ವೇ ಖಾಲಿ ಇದೆಯಲ್ಲ" ಎಂದು ಕೇಳಿದೆ. ಟವರು ನಿಟ್ಟುಸಿರು ಬಿಟ್ಟಿತು. ರನ್‌ವೇಯ ಆ ತುದಿಯಲ್ಲಿ ನಾಯಿಯೊಂದು ಮಲಗಿತ್ತು.

ನನ್ನ ಶಿಕ್ಷಕರು ಕುಶಾಲಪ್ಪ ಸರ್, ಗುತ್ತಿಗಾರಿನವರು. ಮಾತು ಕಡಿಮೆ. ನನ್ನ ಪಕ್ಕ ಕೂತವರು ಬೇರೆ ಹೇಗೆ ಇರಲು ಸಾಧ್ಯ?

ಕಲಿಯುವವರೆಲ್ಲ ಕಾಯುವುದು ಒಂದು ದಿನಕ್ಕೆ. ಶಿಕ್ಷಕರು ಬಾಗಿಲು ತೆಗೆದು ಇಳಿದು, ವಿಮಾನವನ್ನು ನಮ್ಮೊಬ್ಬರ ಕೈಗೆ ಬಿಡುವ ದಿನ. ನನ್ನ ಜೊತೆ ಸೇರಿದವರೆಲ್ಲ ಒಂಟಿಯಾಗಿ ಹಾರಿ, ಸಂಪ್ರದಾಯದಂತೆ ತಲೆಗೆ ಬಕೆಟ್ ನೀರು ಸುರಿಸಿಕೊಂಡು, ಫೋಟೋ ಹಾಕಿ ಮುಗಿಸಿದ್ದರು. ನಾನು ಮಾತ್ರ ಒಣಗಿಯೇ ಉಳಿದಿದ್ದೆ. ಕಾರಣ, ಟವರಿನವರ ದೂರು: ನಾನು ವಿಮಾನ ತಿರುಗಿಸಿದಾಗಲೆಲ್ಲ ರೇಡಿಯೋ ನಮ್ಮ ಕಡೆಯಿಂದ ತೆರೆದುಕೊಂಡು, ಬೇರೆ ಯಾರೂ ಮಾತಾಡಲಾಗದಂತೆ ಆಗುತ್ತಿತ್ತು. ಒಳಗೆ ನಾನು ಸರ್ ಜೊತೆ ನಡೆಸುವ ವಾದವೆಲ್ಲ ನಿಲ್ದಾಣಕ್ಕೆ ಪ್ರಸಾರ. "ನಿನ್ನೆಯ ಚರ್ಚೆ ಚೆನ್ನಾಗಿತ್ತು, ಕೊನೆ ಮಾತ್ರ ಕೇಳಿಸಲಿಲ್ಲ" ಎಂದು ಟವರಿನವರೊಬ್ಬರು ಕ್ಯಾಂಟೀನಿನಲ್ಲಿ ಹೇಳಿದರು. ಇದು ಸರಿಯಾಗುವವರೆಗೆ ಒಂಟಿ ಹಾರಾಟವಿಲ್ಲ ಎಂದಾಯಿತು.

ತಿರುಗುವಾಗ ಯಾವುದೋ ವೈರು ಎಳೆಯುತ್ತಿದೆ ಎಂದು ನಾನು ವಾದಿಸಿದೆ. ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ, ಮೆಕ್ಯಾನಿಕ್ ರೇಡಿಯೋವನ್ನೇ ಬಿಚ್ಚಿದರು. ವೈರು ನಿರಪರಾಧಿ.

ಮರುದಿನ ಸರ್ ಹೊರಗೆ ನೋಡಲೇ ಇಲ್ಲ. ನನ್ನ ಎಡಗೈಯನ್ನೇ ನೋಡುತ್ತ ಕೂತರು. ಎಡಕ್ಕೆ ತಿರುಗಿಸಿದೆ.

"ನೀನು ಸ್ಕೂಟರ್ ಬಿಡ್ಲಿಕ್ಕೆ ಕಲಿತದ್ದು ಎಲ್ಲಿ?"

"ಆಲಂಕಾರು ರೋಡಲ್ಲಿ ಸರ್. ಯಾಕೆ?"

"ಹಾರ್ನ್ ಒತ್ತುದು ನಿಲ್ಲಿಸು ಮಾರಾಯ್ತಿ. ಇಲ್ಲಿ ತಿರುವಲ್ಲಿ ಎದುರಿಂದ ಬಸ್ಸೂ ಇಲ್ಲ, ಆನೆಯೂ ಇಲ್ಲ."

ನೋಡಿದರೆ ನಿಜ. ಸ್ಕೂಟರಿನಲ್ಲಿ ಎಡ ಹೆಬ್ಬೆರಳಿಗೆ ಹಾರ್ನ್ ಸಿಗುತ್ತದೆ. ವಿಮಾನದ ಚುಕ್ಕಾಣಿಯಲ್ಲಿ ಅದೇ ಜಾಗದಲ್ಲಿ, ಒತ್ತಿದರೆ ನಮ್ಮ ಮಾತು ಟವರಿಗೆ ಹೋಗುವ ರೇಡಿಯೋ ಗುಂಡಿ. ಪುತ್ತೂರಿನಿಂದ ಸುಳ್ಯದವರೆಗೆ ನಾವು ತಿರುವು ಕಂಡರೆ ಮೊದಲು ಹಾರ್ನ್, ಮತ್ತೆ ದೇವರು. ನೇರ ರಸ್ತೆಯ ಊರಿನವರಿಗೆ ಈ ತಪ್ಪು ಮಾಡಲು ಅರ್ಹತೆಯೇ ಇಲ್ಲ.

ಆದರೂ ನಾನು ಬಿಡಲಿಲ್ಲ. "ಅಭ್ಯಾಸ ಸರ್, ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ."

"ನೀನು ಯಾರ ಮಾತು ಕೇಳ್ತಿ, ಅದು ನಿನ್ನದು ಕೇಳ್ಲಿಕ್ಕೆ? ತಿರುವಲ್ಲಿ ಹೆಬ್ಬೆರಳು ಮೇಲೆ ಎತ್ತಿ ಹಿಡಿ. ಅಷ್ಟೇ."

ಆಮೇಲಿನ ಹಾರಾಟಗಳಲ್ಲಿ ಪ್ರತಿ ತಿರುವಿಗೂ ಹೆಬ್ಬೆರಳೆತ್ತಿ, ಚುನಾವಣೆ ಗೆದ್ದವಳಂತೆ ತಿರುಗಿದೆ. ಟವರಿಗೆ ನಮ್ಮ ಕಾರ್ಯಕ್ರಮ ನಿಂತುಹೋಯಿತು.

ಒಂದು ಬೆಳಿಗ್ಗೆ ಇಳಿದ ಮೇಲೆ ಸರ್ ಬೆಲ್ಟು ಬಿಚ್ಚಿದರು. "ಒಂದು ಸುತ್ತು ಹೋಗಿ ಬಾ" ಎಂದು, ಪೇಟೆಗೆ ಕಳಿಸುವವರಂತೆ ಹೇಳಿ ಬಾಗಿಲು ಹಾಕಿದರು. ನಾನಿನ್ನೂ ಸಿದ್ಧಳಲ್ಲ ಎಂಬುದಕ್ಕೆ ನನ್ನಲ್ಲಿ ಒಳ್ಳೆಯ ವಾದಗಳಿದ್ದವು. ಕೇಳಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅವರ ಭಾರವಿಲ್ಲದ ವಿಮಾನ ಎಂದಿಗಿಂತ ಬೇಗ ನೆಲ ಬಿಟ್ಟಿತು. ಎಂಜಿನ್ ಸದ್ದು ಬಿಟ್ಟರೆ ಮೇಲೆ ಎಂತಹ ಮೌನವೆಂದರೆ, ಟವರು ಹೇಳಿದ್ದನ್ನು ತಿರುಗಿ ಒಪ್ಪಿಸುವಾಗ ಮೊದಲ ಬಾರಿ ಹಿತವೆನಿಸಿತು, ಒಬ್ಬರಾದರೂ ಮಾತಾಡುತ್ತಿದ್ದಾರಲ್ಲ. ತಿರುವು ಬಂದಲ್ಲೆಲ್ಲ ಹೆಬ್ಬೆರಳು ಎತ್ತಿದೆ. ಚಕ್ರ ನೆಲ ಮುಟ್ಟಿ ಒಮ್ಮೆ ಜಿಗಿಯಿತು, ಮತ್ತೆ ಕೂತಿತು.

ಸರ್ ಬಿಸಿಲಿನಲ್ಲಿ ಬಿಟ್ಟಲ್ಲೇ ನಿಂತಿದ್ದರು. ಅವರ ಹೆಬ್ಬೆರಳು ಮೇಲಕ್ಕೆದ್ದಿತ್ತು. ಶಹಬ್ಬಾಸ್ ಹೇಳುತ್ತಿದ್ದಾರೆ ಎಂದುಕೊಂಡು ಬೀಗಿದೆ. ಅಷ್ಟರಲ್ಲಿ ತಲೆಗೆ ಬಕೆಟ್ ನೀರು ಬಿತ್ತು, ಯೋಚನೆ ಅಲ್ಲಿಗೆ ನಿಂತಿತು.

ಆಲಂಕಾರಿನಲ್ಲಿ ಶಾಲು ಹೊದ್ದು ಧೈರ್ಯದ ಭಾಷಣ ಕೇಳುತ್ತಿದ್ದಾಗ ಆ ಹೆಬ್ಬೆರಳು ಮತ್ತೆ ನೆನಪಾಯಿತು. ಶಹಬ್ಬಾಸ್ ಎನ್ನುವವರು ಸಾಮಾನ್ಯವಾಗಿ ಬಲಗೈ ಎತ್ತುತ್ತಾರೆ. ಅವರು ಎತ್ತಿದ್ದು ಎಡಗೈ. ಬೆರಳು ಸೆಟೆದುಕೊಂಡು ಕೆಳಗಿಳಿಯುವುದನ್ನೇ ಮರೆತಂತಿತ್ತು.

ಸರ್, ಅಂದು ನಾನು ಮೇಲೆ ತಿರುಗಿದಾಗಲೆಲ್ಲ, ಕೆಳಗೆ ನಿಂತು ನೀವೂ ಹೆಬ್ಬೆರಳು ಎತ್ತುತ್ತಿದ್ದಿರಾ?